ಮಲಗುವ ಕೋಣೆಯ ಬಟ್ಟೆ ಬೀರು

ಬಟ್ಟೆ ಬೀರು ಎಂದರೆ ಉಡುಪು, ಹೊದಿಕೆ ಹಾಗೂ ಮುಖ್ಯವಾದ ಕಾಗದಪತ್ರಗಳನ್ನು ಇರಿಸಲು ಮಲಗುವ ಕೋಣೆಯಲ್ಲಿ ಬಳಸುವ ಬಾಗಿಲುಳ್ಳ ಕಪಾಟು. ಗೋಡೆಯೊಳಗೇ ಕಟ್ಟಿದುದನ್ನು ಗೋಡೆ ಬೀರು ಎನ್ನುತ್ತಾರೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೀರನ್ನು ಯೋಜಿಸುವವರು ಅಳತೆಗಿಂತ ಮೊದಲು ಗೋಡೆಯ ತೇವವನ್ನು ಪರೀಕ್ಷಿಸುವುದು ಒಳ್ಳೆಯದು.

ಹಿನ್ನೆಲೆ

ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ದಿನಬಳಕೆಯ ಬಟ್ಟೆಗೆ ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳು, ಸಣ್ಣಪುಟ್ಟ ವಸ್ತುಗಳಿಗೆ ಗೋಡೆಯ ಗೂಡು, ಮದುವೆಯ ಸೀರೆಗೆ ಮರದ ಪೆಟ್ಟಿಗೆ ಅಥವಾ ಟ್ರಂಕು ಇರುತ್ತಿದ್ದವು. ಮುಂದೆ ಕಡಪ ಕಲ್ಲಿನ ಹಲಗೆಗಳನ್ನು ಕೂರಿಸಿದ ಗೋಡೆ ಬೀರುಗಳೂ ಉಕ್ಕಿನ ಬೀರುಗಳೂ ಬಂದವು. ಜಮೀನಿನ ಕ್ರಯಪತ್ರ, ಒಡವೆ, ರೇಷ್ಮೆ ಸೀರೆ ಮೂರೂ ಒಂದೇ ಬೀರಿನಲ್ಲಿರುವುದು ಈ ಭಾಗದ ಮನೆಗಳಲ್ಲಿ ಸಾಮಾನ್ಯ. ಆದುದರಿಂದ ಬೀರಿಗೆ ತೇವ ಹತ್ತಿದರೆ ನಷ್ಟ ಬಟ್ಟೆಗಷ್ಟೇ ಸೀಮಿತವಾಗುವುದಿಲ್ಲ.

ಗೋಡೆಯ ಆಯ್ಕೆ

ಶ್ರೀರಂಗಪಟ್ಟಣವು ಕಾವೇರಿಯ ನಡುವಿನ ದ್ವೀಪ. ಪಾಂಡವಪುರದ ಗದ್ದೆಗಳಿಗೆ ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ನೀರುಣಿಸುತ್ತದೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನೀರಿದೆ. ನಾಲೆಯ ಅಂಚಿನ ಮನೆಗಳಲ್ಲಿ ತೇವ ನೆಲದಿಂದ ಗೋಡೆಗೆ ಏರುತ್ತದೆ. ತಳಪಾಯದ ಮೇಲೆ ತೇವತಡೆ ಪದರವಿಲ್ಲದ ಹಳೆಯ ಗೋಡೆಗಳಲ್ಲಿ ಇದು ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಮಳೆಯಾಶ್ರಿತ ಭೂಮಿ ಹೆಚ್ಚಿರುವ ನಾಗಮಂಗಲದ ಕಡೆ ತೇವದ ಕಾಟ ಅಷ್ಟಿಲ್ಲದಿದ್ದರೂ ಗೆದ್ದಲನ್ನು ಮರೆಯುವಂತಿಲ್ಲ.

ಪರೀಕ್ಷೆ ಸುಲಭ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯದು. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯದು. ಬಚ್ಚಲುಮನೆಗೆ ತಾಗಿದ ಗೋಡೆಯನ್ನು ಪರೀಕ್ಷೆಯಿಲ್ಲದೆಯೇ ಬಿಟ್ಟುಬಿಡಬಹುದು. ಬೇರೆ ಗೋಡೆ ಇಲ್ಲದಿದ್ದರೆ ಬೀರಿನ ಬೆನ್ನಿಗೂ ಗೋಡೆಗೂ ನಡುವೆ ಎರಡು ಅಂಗುಲ ಜಾಗ ಬಿಟ್ಟು, ತಳವನ್ನು ನಾಲ್ಕು ಅಂಗುಲ ಎತ್ತರಿಸಿ, ಬಾಗಿಲಿಗೆ ಗಾಳಿಕಂಡಿ ಇಡಬೇಕು. ಹುಡಿಮರದ ಹಲಗೆ ನೀರು ಹೀರಿ ಉಬ್ಬುತ್ತದೆ. ಬೆಲೆ ಕಡಿಮೆಯೆಂದು ಅದನ್ನು ಆರಿಸಿದವರು ಕೆಲವೇ ವರ್ಷಗಳಲ್ಲಿ ಎರಡನೆಯ ಬಾರಿ ಖರ್ಚು ಮಾಡಬೇಕಾದೀತು. ಪ್ಲೈವುಡ್ ಕೊಳ್ಳುವಾಗ ಐ.ಎಸ್. 710 ಗುರುತನ್ನು ನೋಡಬೇಕು.

ಅಳತೆ

ಮೊದಲು ಬಟ್ಟೆಗಳನ್ನು ಎಣಿಸಿ, ಆಮೇಲೆ ಬಡಗಿಯನ್ನು ಕರೆಯುವುದು ಸರಿಯಾದ ಕ್ರಮ. ಹ್ಯಾಂಗರಿನ ಅಗಲಕ್ಕೆ ಹೊಂದುವಂತೆ ಬೀರಿನ ಆಳ 2 ಅಡಿ ಇರಬೇಕು. ಶರ್ಟು ತೂಗಲು ಸುಮಾರು 3.5 ಅಡಿ, ಉದ್ದನೆಯ ಉಡುಪಿಗೆ 5 ಅಡಿ ಎತ್ತರ ಸಾಕು. ಮಡಚಿದ ಬಟ್ಟೆಯ ಖಾನೆಗಳ ನಡುವೆ 12ರಿಂದ 14 ಅಂಗುಲ ಅಂತರವಿರಲಿ. ಇದಕ್ಕಿಂತ ಹೆಚ್ಚಾದರೆ ಅಡಿಯ ಸೀರೆ ಎಳೆಯುವಾಗ ರಾಶಿಯೇ ಕುಸಿಯುತ್ತದೆ. ನಿತ್ಯ ಉಡುವುದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಕಂಬಳಿಗಳು ಮೇಲಿನ ಅಟ್ಟದಲ್ಲಿ. ಮನೆಯಲ್ಲಿ ವೃದ್ಧರಿದ್ದರೆ ಅವರ ಬಟ್ಟೆ ಸ್ಟೂಲು ಹತ್ತದೆ, ಬಗ್ಗದೆ ಸಿಗುವಂತಿರಬೇಕು. ಕಾಗದಪತ್ರಗಳಿಗೆ ನೆಲದಿಂದ ಮೇಲಿರುವ ಪ್ರತ್ಯೇಕ ಬೀಗದ ಖಾನೆ ಅಗತ್ಯ.

ರೇಷ್ಮೆ ಮತ್ತು ಜರಿ

ಜರಿಯಲ್ಲಿರುವ ಬೆಳ್ಳಿ ತೇವಕ್ಕೆ ಕಪ್ಪಾಗುತ್ತದೆ. ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ, ಗಂಜಿ ಹಾಕದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟು, ಮೂರು ತಿಂಗಳಿಗೊಮ್ಮೆ ನೆರಳಿನಲ್ಲಿ ಹರವಿ, ಮಡಿಕೆಯ ಗೆರೆ ಬದಲಿಸಬೇಕು. ಒಂದೇ ಗೆರೆಯಲ್ಲಿ ಮಡಚಿಟ್ಟರೆ ಅಲ್ಲಿಯೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿ ರಕ್ತಕಣಗಳನ್ನು ಒಡೆಯಬಲ್ಲದು. ಹಾಗಾಗಿ ಕೂಸಿನ ಬಟ್ಟೆಯ ಖಾನೆಯಲ್ಲಿ ಅದನ್ನು ಇಡಲೇಬಾರದು. ಚೆನ್ನಾಗಿ ಒಣಗಿಸಿದ ಬೇವಿನ ಎಲೆ ಅಥವಾ ಲಾವಂಚದ ಬೇರನ್ನು ಬಟ್ಟೆಯಲ್ಲಿ ಕಟ್ಟಿಡುವ ಪದ್ಧತಿ ಇಂದಿಗೂ ಉಳಿದಿದೆ. ಖಾನೆಗೆ ಹಳೆಯ ವೃತ್ತಪತ್ರಿಕೆ ಹಾಸುವ ರೂಢಿಯನ್ನು ಮಾತ್ರ ಬಿಡಬಹುದು: ತೇವದ ದಿನಗಳಲ್ಲಿ ಅದರ ಮಸಿ ಬಿಳಿ ಬಟ್ಟೆಗೆ ಹತ್ತುತ್ತದೆ.