ಅಜ್ಜಿಯ ಮದ್ದಿನ ಡಬ್ಬಿ ಮತ್ತು ಅಮೆರಿಕದ ಡೇವ್

ಕಾಲು ಬಾತುಕೊಂಡು ಚಪ್ಪಲಿ ಹಾಕಲಾಗದೆ ನನ್ನ ಅಮ್ಮ ಎರಡು ಭಾನುವಾರ ಪೂಜೆಗೆ ಬರಲಿಲ್ಲ. "ಪ್ರಾಯವಾಯಿತಲ್ಲ" ಎಂದು ನಾವೂ ಸುಮ್ಮನಿದ್ದೆವು. ರಜೆಯಲ್ಲಿ ಮನೆಗೆ ಬಂದ ಮಗಳು ಅಜ್ಜಿಯ ಮದ್ದಿನ ಡಬ್ಬಿ ತೆರೆದು, ಮಾತ್ರೆಗಳ ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನು ಒಂದೊಂದಾಗಿ ಓದಿದಳು. ರಕ್ತದೊತ್ತಡಕ್ಕೆಂದು ಎರಡು ಮಾತ್ರೆ ಇದ್ದವು. ಒಂದನ್ನು ನಮ್ಮ ಊರಿನ ಕ್ಲಿನಿಕ್ಕಿನವರು ಬರೆದದ್ದು, ಇನ್ನೊಂದು ತಲೆಸುತ್ತು ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದಾಗ ಕೊಟ್ಟದ್ದು. ಬಣ್ಣ ಬೇರೆ, ಕಂಪೆನಿ ಬೇರೆ, ಹೆಸರು ಬೇರೆ. ಒಳಗಿನ ಮದ್ದು ಮಾತ್ರ ಒಂದೇ: ಆಮ್ಲೊಡಿಪಿನ್. ಆ ಮದ್ದಿನಿಂದ ಪಾದ ಊದಿಕೊಳ್ಳುವುದುಂಟು, ಪ್ರಮಾಣ ಹೆಚ್ಚಿದಷ್ಟೂ ಅದು ಹೆಚ್ಚು ಎಂಬುದನ್ನೂ ಅವಳು ಅಂತರ್ಜಾಲದಲ್ಲಿ ಹುಡುಕಿ ತೋರಿಸಿದಳು.

"ಡಾಕ್ಟ್ರು ಕೊಟ್ಟದ್ದನ್ನು ನಾವು ಪ್ರಶ್ನೆ ಮಾಡುವುದುಂಟಾ?" ಎಂದು ಅಮ್ಮನಿಗೆ ಕೋಪ. ಮಗಳು ಮಾತ್ರೆ ನಿಲ್ಲಿಸಲಿಲ್ಲ, ನಿಲ್ಲಿಸಲು ಹೇಳಲೂ ಇಲ್ಲ. ಮರುದಿನ ಎರಡೂ ಹಾಳೆಗಳನ್ನು ಹಿಡಿದುಕೊಂಡು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಮೊದಲು ಸಿಕ್ಕಿದ ಕಿರಿಯ ವೈದ್ಯರು "ಗೂಗಲ್ ನೋಡಿ ಬಂದದ್ದಾ?" ಎಂದು ನಕ್ಕರಂತೆ. ಹಿರಿಯರು ನಗಲಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ಓದಿ, ಒಂದನ್ನು ಹೊಡೆದು ಹಾಕಿದರು. ಹತ್ತು ಹದಿನೈದು ದಿನಗಳಲ್ಲಿ ಚಪ್ಪಲಿ ಕಾಲಿಗೆ ಹಿಡಿಯಿತು.

ರೋಗಿಯೂ ಮನೆಯವರೂ ತಿಳಿದುಕೊಂಡು, ವೈದ್ಯರ ಜೊತೆ ಕೂಡಿ ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಈ ಕ್ರಮಕ್ಕೆ ಹೊರದೇಶಗಳಲ್ಲಿ ಒಂದು ಚಳವಳಿಯೇ ಇದೆ. ಅದರಲ್ಲಿ ಹೆಚ್ಚು ಕೇಳಿಬರುವ ಹೆಸರು ಅಮೆರಿಕದ ಡೇವ್ ಡಿಬ್ರಾಂಕಾರ್ಟ್ ಎಂಬವರದು. 2007ರ ಜನವರಿಯಲ್ಲಿ, 56ನೆಯ ವಯಸ್ಸಿನಲ್ಲಿ, ಭುಜದ ನೋವಿಗೆಂದು ಅವರ ಎಕ್ಸ್-ರೇ ತೆಗೆದರು. ಭುಜದಲ್ಲಿ ದೊಡ್ಡ ತೊಂದರೆಯೇನೂ ಇರಲಿಲ್ಲ, ಆದರೆ ಚಿತ್ರದ ಅಂಚಿನಲ್ಲಿ ಶ್ವಾಸಕೋಶದೊಳಗೆ ಒಂದು ಕಲೆ ಕಂಡಿತು. ಅದು ಮೂತ್ರಪಿಂಡದಲ್ಲಿ ಹುಟ್ಟಿ ಎರಡೂ ಶ್ವಾಸಕೋಶಗಳಿಗೆ, ಎಲುಬಿಗೆ, ಸ್ನಾಯುವಿಗೆ ಹರಡಿದ ಕ್ಯಾನ್ಸರ್. ಇಂಥವರು ಸಾಮಾನ್ಯವಾಗಿ ಬದುಕುವ ಕಾಲ ಸುಮಾರು 24 ವಾರ ಎಂದು ಅವರು ಓದಿದರು.

ಇಲ್ಲಿ ಅವರ ವೈದ್ಯ ಡಾ. ಡ್ಯಾನಿ ಸ್ಯಾಂಡ್ಸ್ ಮಾಡಿದ ಒಂದು ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಡಿಕಾನೆಸ್ ಆಸ್ಪತ್ರೆಯ ಈ ವೈದ್ಯರು, ಅಂತರ್ಜಾಲದಲ್ಲಿ ಇಂಥದೇ ರೋಗದವರ ಒಂದು ಬಳಗವಿದೆ, ಅದನ್ನು ಸೇರಿರಿ ಎಂದು ತಾವಾಗಿಯೇ ಸೂಚಿಸಿದರು. ಡೇವ್ ಅಲ್ಲಿ ತಮ್ಮ ಸ್ಥಿತಿಯನ್ನು ಬರೆದರು. ಕೆಲವೇ ಗಂಟೆಗಳಲ್ಲಿ ಉತ್ತರ ಬಂತು: ಈ ರೋಗ ಅಪರೂಪದ್ದು, ಇದರಲ್ಲಿ ಪಳಗಿದ ವೈದ್ಯರ ಬಳಿಗೇ ಹೋಗಿ, ಇಂಟರ್‌ಲ್ಯೂಕಿನ್ ಎಂಬ ಮದ್ದಿದೆ, ಅದು ನಾಟುವುದು ಕೆಲವರಿಗಷ್ಟೇ, ನಾಟಿದರೆ ಕೆಲವರಲ್ಲಿ ಬಹುಕಾಲ ನಿಲ್ಲುತ್ತದೆ, ಕೊಡುವ ವೈದ್ಯರ ಹೆಸರು, ಫೋನ್ ನಂಬರ್ ಇಗೋ. ಆ ಮದ್ದಿನ ಅಡ್ಡ ಪರಿಣಾಮಗಳು ಘೋರ. ಅವುಗಳನ್ನು ಉಂಡವರ ಅನುಭವಗಳನ್ನೂ ಡೇವ್ ಕೇಳಿ ಪಡೆದರು. ಅವರ ಮೂತ್ರಪಿಂಡವನ್ನು ತೆಗೆದು, ಅದೇ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈ ಮದ್ದು ಕೊಟ್ಟರು. ನಡುವೆ ರೋಗ ತಿಂದ ತೊಡೆಯೆಲುಬು ಮುರಿದದ್ದೂ ಉಂಟು. 2007ರ ಜುಲೈ ಹೊತ್ತಿಗೆ ಚಿಕಿತ್ಸೆ ಮುಗಿಯಿತು, ಗೆಡ್ಡೆಗಳು ಕುಗ್ಗಿದವು.

ಡೇವ್‌ರನ್ನು ಗುಣಪಡಿಸಿದ್ದು ಮದ್ದು ಮತ್ತು ಶಸ್ತ್ರಚಿಕಿತ್ಸೆ, ಅಂತರ್ಜಾಲವಲ್ಲ. ಆದರೆ ಏನು ಬರಲಿದೆಯೆಂದು ತಿಳಿದಿದ್ದರಿಂದಲೇ ಅಷ್ಟು ಮದ್ದನ್ನು ತಾಳಿಕೊಂಡಿರಬಹುದೆಂದು ಅವರ ವೈದ್ಯರು ಆಮೇಲೆ ಹೇಳಿದ್ದನ್ನು ಡೇವ್ ಬರೆದುಕೊಂಡಿದ್ದಾರೆ.

ಕಥೆ ಇಲ್ಲಿಗೇ ಮುಗಿಯಲಿಲ್ಲ. 2009ರಲ್ಲಿ ಅವರು ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಗೂಗಲ್ ಹೆಲ್ತ್ ಎಂಬ ಸೇವೆಗೆ ವರ್ಗಾಯಿಸಿದರು (2012ರ ಆರಂಭಕ್ಕೆ ಆ ಸೇವೆ ಮುಚ್ಚಿತು). ತೆರೆದು ನೋಡಿದರೆ, ತಮಗೆ ಎಂದೂ ಬಾರದ ರೋಗಗಳು ಅದರಲ್ಲಿದ್ದವು! ಕ್ಯಾನ್ಸರ್ ಮಿದುಳಿಗೋ ಬೆನ್ನುಹುರಿಗೋ ಹರಡಿದೆ ಎಂದೂ ಬರೆದಿತ್ತು. ಕಾರಣ ವಿಚಾರಿಸಿದಾಗ, ಅಲ್ಲಿಗೆ ಹೋದದ್ದು ವಿಮೆಯ ಬಿಲ್ಲಿಗಾಗಿ ಹಾಕಿದ ಸಂಕೇತಗಳು ಎಂದು ತಿಳಿಯಿತು. ಪರೀಕ್ಷೆಗೆ ಬಿಲ್ಲು ಹಾಕುವಾಗ ಬಳಸಿದ ಸಂಕೇತ, ರೋಗವೇ ಇದ್ದಂತೆ ಕುಳಿತುಬಿಟ್ಟಿತ್ತು. ಬಾಸ್ಟನ್ ಗ್ಲೋಬ್ ಪತ್ರಿಕೆ ಆ ಏಪ್ರಿಲಿನಲ್ಲಿ ಇದನ್ನು ಮುಖಪುಟದಲ್ಲಿ ಪ್ರಕಟಿಸಿತು. ಆಸ್ಪತ್ರೆ ಬಿಲ್ಲಿನ ಸಂಕೇತಗಳನ್ನು ಕಳುಹಿಸುವುದನ್ನು ನಿಲ್ಲಿಸಿತು. ರೋಗಿ ತನ್ನ ಕಡತವನ್ನು ತಾನೇ ಓದಿದ್ದರಿಂದ ಹೊರಬಿದ್ದ ತಪ್ಪು ಅದು.

ನಮ್ಮಲ್ಲಿ ಎಷ್ಟು ಮಂದಿ ನಮ್ಮ ಕಡತವನ್ನು ನೋಡಿದ್ದೇವೆ? ಕೇಳಿದರೆ ಕೊಡುವುದಿಲ್ಲ ಎಂದೇ ಹೆಚ್ಚಿನವರ ನಂಬಿಕೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. 2023ರಲ್ಲಿ ಬಂದ ಹೊಸ ನಿಯಮಾವಳಿಯನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದದ್ದರಿಂದ ಈ ಹಕ್ಕು ಹೋಗಿಲ್ಲ. ಮದ್ದಿನ ಮೂಲ ಹೆಸರನ್ನು ಓದಲಾಗುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿಯೂ ಹೇಳುತ್ತದೆ.

ಕಾಸರಗೋಡಿನ ನಮಗೆ ಇದು ಇತರರಿಗಿಂತ ಹೆಚ್ಚು ಅಗತ್ಯ. ನಮ್ಮ ಕಾಯಿಲೆ ಒಂದು ರಾಜ್ಯದಲ್ಲಿ, ಕಡತ ಇನ್ನೊಂದು ರಾಜ್ಯದಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪ್ರಾಣ ಬಿಟ್ಟದ್ದನ್ನು ಯಾರು ಮರೆತಾರು? ಅದೇ ತಿಂಗಳ 25ರಂದು ಕೇಂದ್ರ ಸರಕಾರ ಫೋನು, ವೀಡಿಯೊ ಮೂಲಕ ವೈದ್ಯರ ಸಲಹೆ ಪಡೆಯುವುದಕ್ಕೆ ಮಾರ್ಗಸೂಚಿ ಹೊರಡಿಸಿತು. ಆದರೆ ಫೋನಿನಲ್ಲಿ ಮಾತಾಡುವ ವೈದ್ಯರಿಗೆ ಹಳೆಯ ರಿಪೋರ್ಟು ತೋರಿಸಬೇಡವೇ? ಬಿಡುಗಡೆಯ ಚೀಟಿ, ರಕ್ತಪರೀಕ್ಷೆಯ ಹಾಳೆ, ಯಾವ ಮದ್ದು ಒಗ್ಗದು ಎಂಬ ಟಿಪ್ಪಣಿ ಇವುಗಳ ಚಿತ್ರ ಮೊಬೈಲಿನಲ್ಲಿದ್ದವರಿಗೆ ಅಂಥ ಹೊತ್ತಿನಲ್ಲಿ ಅರ್ಧ ಕೆಲಸ ಹಗುರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ, ಹಾಗಲಕಾಯಿ ರಸ ಕುಡಿದು ಇನ್ಸುಲಿನ್ ಬಿಡುವವರಿದ್ದಾರೆ. ತಲೆನೋವೆಂದು ಹುಡುಕಿ, ಮಿದುಳಿನ ಗೆಡ್ಡೆಯೆಂದು ರಾತ್ರಿಯಿಡೀ ನಿದ್ದೆಗೆಡುವವರೂ ಇದ್ದಾರೆ. ಡೇವ್ ಓದಿದ್ದನ್ನು ತಮ್ಮ ವೈದ್ಯರ ಮುಂದಿಟ್ಟರು, ನನ್ನ ಮಗಳೂ ಅದನ್ನೇ ಮಾಡಿದಳು. ಮದ್ದು ಮಾರುವವರೇ ನಡೆಸುವ ಜಾಲತಾಣವನ್ನು ನಾನಂತೂ ನಂಬುವುದಿಲ್ಲ.

ಅಮ್ಮನ ಹತ್ತಿರ ಈಗ ನೂರು ಪುಟದ ಒಂದು ನೋಟ್‌ಬುಕ್ ಇದೆ. ಮದ್ದಿನ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾರು ಬರೆದದ್ದು, ಯಾವಾಗಿನಿಂದ, ಎಲ್ಲವನ್ನೂ ಮೊಮ್ಮಗಳು ಕನ್ನಡದಲ್ಲಿ ಬರೆದುಕೊಟ್ಟಿದ್ದಾಳೆ. ಕಳೆದ ತಿಂಗಳು ಮಂಗಳೂರಿಗೆ ಹೋದಾಗ ಅಮ್ಮ ಅದನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಈ ಹೊಸ ಮಾತ್ರೆಯ ಒಳಗಿನ ಹೆಸರು ಯಾವುದು? ಇದರಲ್ಲಿ ಬರೆದುಬಿಡಿ" ಎಂದರು. ಅವರು ಪೆನ್ನು ತೆಗೆದು, ದೊಡ್ಡಕ್ಷರಗಳಲ್ಲಿ ಬರೆದುಕೊಟ್ಟರು.