ಮಳೆಗಾಲಕ್ಕೆ ಮುನ್ನ ಮಾಡಿನ ದುರಸ್ತಿ: ಕೆಲಸಗಾರರು ಸಿಗದಿರುವುದೇಕೆ?

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಈ ಪ್ರದೇಶದ ಕೃಷಿಕನ ಮನೆಯ ಮಾಡಿನ ಕೆಳಗೆ ಮನೆಮಂದಿಯಲ್ಲದೆ ಬೀಜದ ಮುಡಿ, ಒಣ ಅಡಿಕೆ, ತೆಂಗಿನಕಾಯಿ, ಗೊಬ್ಬರದ ಚೀಲಗಳೂ ಇರುತ್ತವೆ. ಹಟ್ಟಿಯ ಮಾಡಿನ ಕೆಳಗೆ ದನಕರುಗಳು ಮತ್ತು ಬೈಹುಲ್ಲು. ಬೀಜದ ಭತ್ತವನ್ನು ಶೇ. 13ರ ತೇವಾಂಶಕ್ಕೆ ಒಣಗಿಸಿ ಜೋಪಾನವಾಗಿಟ್ಟಿದ್ದರೂ, ಮೇ ತಿಂಗಳ ಅಡ್ಡಮಳೆಗೆ ಒಂದೇ ಹಂಚು ಸೋರಿದರೆ ಆ ಮುಡಿಯ ಬೀಜ ಮುಗ್ಗಿ, ಮೊಳಕೆಯ ಶಕ್ತಿ ಕುಂದುತ್ತದೆ. ಬಿತ್ತನೆಗೆ ಹದಿನೈದು ದಿನವಿರುವಾಗ ಹೀಗಾದರೆ ಬೇರೆ ಬೀಜ ಹುಡುಕಲು ಸಮಯವೂ ಇರುವುದಿಲ್ಲ.

ಆದುದರಿಂದಲೇ ಮಳೆಗೆ ಮೊದಲು ಹಂಚು ಕೈಯಾಡಿಸುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈಚಿನ ವರ್ಷಗಳಲ್ಲಿ ಆ ಕೆಲಸಕ್ಕೆ ಜನ ಸಿಗುವುದೇ ದುಸ್ತರವಾಗಿದೆ. "ನಾಳಿಗೆ ಬತ್ತೆ ಮಾರಾಯ್ರೆ" ಎಂದ ಆಚಾರಿ ಬರುವುದಿಲ್ಲ. ಮುಂಗಡ ಪಡೆದವನ ಫೋನು ಉತ್ತರಿಸುವುದಿಲ್ಲ. ಮಾಡಿನ ಅರ್ಧ ಭಾಗ ಬಿಚ್ಚಿಟ್ಟು ಇನ್ನೊಂದು ಮನೆಗೆ ಹೋದವನಿಗಾಗಿ ಮನೆಯವರು ಆಕಾಶ ನೋಡುತ್ತಾ ಕುಳಿತಿರುತ್ತಾರೆ. ಇದನ್ನು ಕೆಲಸಗಾರರ ಅಪ್ರಾಮಾಣಿಕತೆ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸುಲಭ. ಆದರೆ ಕಾರಣಗಳನ್ನು ಬಿಡಿಸಿ ನೋಡಿದರೆ ಕೆಲವಕ್ಕೆ ಪರಿಹಾರ ಕೃಷಿಕರ ಕೈಯಲ್ಲೇ ಇದೆ.

ನಾಟಿಯ ಕಾಲದಲ್ಲಿ ಆಳುಗಳು ಏಕೆ ಸಿಗುವುದಿಲ್ಲವೋ ಅದೇ ಕಾರಣ ಇಲ್ಲಿಯೂ ಮುಖ್ಯವಾಗಿದೆ. ಎಲ್ಲರಿಗೂ ಒಂದೇ ಸಮಯದಲ್ಲಿ ಕೆಲಸವಾಗಬೇಕು. ಸೌರ ಯುಗಾದಿಯಿಂದ ಹತ್ತನಾವಧಿಯವರೆಗೆ ಸುಮಾರು 40 ದಿನಗಳು. ಇದರಲ್ಲಿ ಮದುವೆ, ಗೃಹಪ್ರವೇಶ, ಗೆಂಡಸೇವೆ ಎಂದು 10 ದಿನ ಕಳೆಯೋಣ. ಒಂದು ಮನೆಗೆ ಎರಡೇ ದಿನ ಹಿಡಿಯುತ್ತದೆಂದರೂ ಒಂದು ತಂಡ ಪೂರೈಸಬಹುದಾದದ್ದು 15 ಮನೆಗಳನ್ನು. ಅದೇ ತಂಡಕ್ಕೆ 40 ಮನೆಯವರು ಹೇಳಿಟ್ಟರೆ 25 ಮನೆಯವರಿಗೆ ಮಾತು ತಪ್ಪಲೇಬೇಕು. ಅವನು ಯಾರಿಗೂ ಇಲ್ಲವೆನ್ನದಿರುವುದು ದೋಷವೇ ಸರಿ. ಆದರೆ ಇಲ್ಲವೆಂದವನನ್ನು ಮರುವರ್ಷ ಕರೆಯುವವರೂ ಕಡಿಮೆ.

ಇನ್ನೊಂದು ಕಾರಣ ಕೆಲಸ ಬಲ್ಲವರ ಸಂಖ್ಯೆಯೇ ಇಳಿದಿರುವುದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಈ ಉದ್ಯಮ ಬೆಳೆಯಿತು. ಮುಳಿಹುಲ್ಲಿನ ಮಾಡುಗಳು ಹೋಗಿ ಹಂಚಿನ ಮಾಡುಗಳು ಬಂದವು. ಪಕ್ಕಾಸು ಕೂರಿಸಿ, ರೀಪು ಹೊಡೆದು, ಹಂಚು ಹೊದೆಸುವ ಕೈಗಳು ಊರೂರಿನಲ್ಲಿ ತಯಾರಾದವು. ಈಗ ಕಾರ್ಖಾನೆಗಳು ಬಹಳಷ್ಟು ಮುಚ್ಚಿವೆ, ಹೊಸ ಮನೆಗಳು ತಾರಸಿಯವು. ಆಚಾರಿಗಳ ಮಕ್ಕಳು ಪ್ಲೈವುಡ್ ಕಪಾಟಿನ ಕೆಲಸಕ್ಕೋ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೋ ಹೋಗಿದ್ದಾರೆ. ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಂದ ಬಂದ ಗಾರೆ ಕೆಲಸದವರು ಗೋಡೆ ಕಟ್ಟುವುದರಲ್ಲಿ ನಿಪುಣರಾದರೂ ಹಂಚಿನ ಮೇಲೆ ಕಾಲಿಡುವ ರೀತಿ ಹಲವರಿಗೆ ತಿಳಿಯದು. ಹಿಂದೆ ಆಚಾರಿಗೆ ಕೊಯ್ಲಿನಲ್ಲಿ ಭತ್ತ ಅಳೆದುಕೊಡುವ ವಾಡಿಕೆಯಿದ್ದಲ್ಲಿ ಅವನು ಆ ಮನೆಗಳ ವರ್ಷದ ಕೆಲಸಕ್ಕೆ ಬದ್ಧನಾಗಿರುತ್ತಿದ್ದ. ದಿನಗೂಲಿ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಆ ಪದ್ಧತಿಯಲ್ಲಿ ಕೆಲಸಗಾರನಿಗೆ ದಕ್ಕುತ್ತಿದ್ದದ್ದು ಅಲ್ಪವೇ ಆಗಿದ್ದರಿಂದ, ಅದು ಹೋದುದಕ್ಕೆ ಕೊರಗುವ ಅಗತ್ಯವಿಲ್ಲ.

ಸಣ್ಣ ಕೆಲಸದ ಲೆಕ್ಕಾಚಾರವನ್ನೂ ತಿಳಿಯಬೇಕು. ಇಪ್ಪತ್ತು ಹಂಚು ಬದಲಿಸುವುದಕ್ಕೂ ಒಬ್ಬ ಸಹಾಯಕ, ಏಣಿ, ಹಗ್ಗ, ಹೋಗಿಬರುವ ಖರ್ಚು ಬೇಕೇ ಬೇಕು. ಅಲ್ಲಿಗೆ ಹೋದಾಗ ಮನೆಯವರು ರೀಪು ತಂದಿಟ್ಟಿಲ್ಲ, ತಂದ ಹಂಚು ಹೊಂದುತ್ತಿಲ್ಲ ಎಂದಾದರೆ ಆ ದಿನ ಮುಳುಗಿತು. ಇಂಥ ಮನೆಯನ್ನು ಕೆಲಸಗಾರ ಮರುದಿನಕ್ಕೆ ತಳ್ಳುವುದು ಸಹಜ.

ಹಂಚು ಹೊಂದದಿರುವ ತೊಂದರೆ ಈಗ ಹೆಚ್ಚಾಗಿದೆ. ಮಂಗಳೂರು ಹಂಚುಗಳೆಲ್ಲ ಮೇಲ್ನೋಟಕ್ಕೆ ಒಂದೇ. ಆದರೆ ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಅಳತೆ ಮತ್ತು ಅಂಚಿನ ಕಚ್ಚು ತುಸು ಬೇರೆ. ಬೇರೆ ಅಚ್ಚಿನ ಹಂಚನ್ನು ನಡುವೆ ತುರುಕಿದರೆ ಅದು ಎದ್ದು ನಿಂತು, ಪಕ್ಕದ ಎರಡು ಹಂಚುಗಳೂ ಸೋರುತ್ತವೆ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ಒಂದು ಮಾದರಿ ಹಂಚನ್ನೇ ಒಯ್ದು, ಹಳೆಯ ಮನೆ ಕೆಡವುವಲ್ಲಿ ಅದೇ ಹೆಸರಿನ ಹಂಚು ಸಿಕ್ಕಾಗ ನೂರಿನ್ನೂರು ಕೊಂಡಿಡುವುದು ಒಳ್ಳೆಯದು. ಬೆರಳ ಗೆಣ್ಣಿನಿಂದ ಬಡಿದಾಗ ಕಂಚಿನಂತೆ ಟಣ್ಣೆನ್ನುವ ಹಂಚು ಗಟ್ಟಿ. ಸಪ್ಪೆ ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳು ಇರಬಹುದು. ಸಂಗ್ರಹಿಸುವಾಗ ಮಲಗಿಸಿ ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿಡತಕ್ಕದ್ದು.

ಕೆಲಸದ ಕಾಲವನ್ನು ಬದಲಿಸುವುದು

ಮುಂಗಾರು ಭತ್ತದ ಕೊಯ್ಲು ಮುಗಿದು, ಗದ್ದೆಗೆ ಉದ್ದು ಅಥವಾ ನೆಲಗಡಲೆ ಬಿತ್ತಿದ ಮೇಲೆ ಕೃಷಿಕರಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಕೋಟೇಶ್ವರದ ಕೊಡಿಹಬ್ಬದಿಂದ ಶಿವರಾತ್ರಿಯವರೆಗಿನ ಆ ಕಾಲದಲ್ಲಿ ಮಳೆಯ ಭಯ ಕಡಿಮೆ, ಪಾಚಿ ಒಣಗಿರುವುದರಿಂದ ಕಾಲು ಜಾರುವುದಿಲ್ಲ, ಹಂಚಿನ ಕೆಲಸದವರಿಗೂ ಒತ್ತಡವಿರುವುದಿಲ್ಲ. ದೊಡ್ಡ ಕೆಲಸವನ್ನು, ಅಂದರೆ ರೀಪು ಬದಲಿಸುವುದು, ಒರಲೆ ಹಿಡಿದ ಪಕ್ಕಾಸು ತೆಗೆಯುವುದು, ಎರಡು ಮಾಡು ಕೂಡುವ ತಗ್ಗಿನ ತಗಡು ಸರಿಪಡಿಸುವುದು ಇವನ್ನು ಆಗಲೇ ಮುಗಿಸಬೇಕು.

ಜನವರಿಯಲ್ಲಿ ಸರಿಮಾಡಿದ ಮಾಡು ಜೂನ್‌ಗೆ ಮುನ್ನ ಮಂಗಗಳ ಓಡಾಟದಿಂದಲೋ ತೆಂಗಿನ ಹೆಡೆ ಬಿದ್ದೋ ಮತ್ತೆ ಕೆಡುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಮೇ ಮೊದಲ ವಾರದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಇದಕ್ಕೆ ಯಾರೂ ಮೇಲೆ ಹತ್ತಬೇಕಾಗಿಲ್ಲ. ನಡುಹಗಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಒಳಗಿನಿಂದ ನೋಡಿದರೆ ಬೆಳಕು ಇಣುಕುವ ಜಾಗಗಳು ನಕ್ಷತ್ರದಂತೆ ಕಾಣುತ್ತವೆ. ಅಲ್ಲಿನ ರೀಪಿಗೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟರೆ ಕೆಲಸಗಾರ ಬಂದಾಗ ಹುಡುಕಾಟದ ಹೊತ್ತು ಉಳಿಯುತ್ತದೆ. ಉಳಿದಿರುವುದು ಹತ್ತಿಪ್ಪತ್ತು ಹಂಚಿನ ಕೆಲಸವಾದರೆ ಅರ್ಧ ದಿನಕ್ಕೆ ಬರಲು ಅವನೂ ಹಿಂಜರಿಯಲಾರ.

ಅಂಥ ಸಣ್ಣ ಕೆಲಸಗಳನ್ನು ಅಕ್ಕಪಕ್ಕದ ಐದಾರು ಮನೆಯವರು ಒಟ್ಟುಗೂಡಿಸಿ ಒಂದೇ ತಂಡಕ್ಕೆ ಒಪ್ಪಿಸಿದರೆ ಇನ್ನೂ ಅನುಕೂಲ. ತಂಡಕ್ಕೆ ವಾರವಿಡೀ ಒಂದೇ ಊರಿನಲ್ಲಿ ಕೆಲಸ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸದಸ್ಯರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ ಕ್ರಮವಿದೆ. ಹಂಚು ಇಳಿಸುವುದು, ಉಜ್ಜಿ ತೊಳೆಯುವುದು, ಕೈಯಿಂದ ಕೈಗೆ ದಾಟಿಸುವುದು ಇಂಥ ಕೆಳಗಿನ ಕೆಲಸಕ್ಕೆ ಇದೇ ಮುಯ್ಯಾಳು ಕ್ರಮ ಸಾಕು. ಮೇಲಿನ ಕೆಲಸಕ್ಕೆ ಮಾತ್ರ ನುರಿತವನಿರಲಿ.

ಮರದ ವಿಷಯದಲ್ಲಿ ಎರಡು ಮಾತು. ಬೆಳ್ಮರಕ್ಕೆ ಕುಟ್ಟೆ ಹುಳು ಬೇಗ ಬೀಳುತ್ತದೆ, ಆದ್ದರಿಂದ ರೀಪಿಗೆ ಕೆಚ್ಚಿನ ಭಾಗವನ್ನೇ ಆರಿಸಬೇಕು. ಕರಾವಳಿಯಲ್ಲಿ ದೋಣಿಗೂ ಮರಮಟ್ಟಿಗೂ ಗೇರುಸಿಪ್ಪೆಯ ಎಣ್ಣೆ ಬಳಿಯುವುದು ರೂಢಿ. ಅದು ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುವುದರಿಂದ ಬರಿಗೈಯಲ್ಲಿ ಹಚ್ಚಬಾರದು. ಮರವಂತೆ, ತ್ರಾಸಿ, ಕೋಡಿಯಂಥ ಕಡಲಬದಿಯಲ್ಲಿ ಉಪ್ಪುಗಾಳಿಗೆ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಸತು ಲೇಪಿತ ಮೊಳೆಯನ್ನೇ ಬಳಸಬೇಕು. ದುರಸ್ತಿಯ ಬದಲಿಗೆ ಪ್ರತಿ ವರ್ಷ ಟಾರ್ಪಾಲು ಹೊದೆಸುವುದು ಉಳಿತಾಯದಂತೆ ಕಂಡರೂ, ಅದರಡಿಯಲ್ಲಿ ತೇವ ನಿಂತು ರೀಪು ಕುಂಬಾಗುತ್ತದೆ.

ಹಣಕಾಸಿನ ಮಾತು ಮೊದಲೇ ಆಗಬೇಕು. ಪೂರ್ತಿ ಮುಂಗಡ ಕೊಡುವುದೂ, ಕೆಲಸ ಮುಗಿದ ಮೇಲೆ ಚೌಕಾಸಿ ಮಾಡುವುದೂ ಎರಡೂ ತಪ್ಪು. ಯಾವ ಭಾಗದ ಮಾಡು, ಎಷ್ಟು ದಿನ, ಸಾಮಗ್ರಿ ಯಾರದು, ಕೂಲಿ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳುವುದು ಸೂಕ್ತ. ಸಾಮಗ್ರಿಯನ್ನು ಮನೆಯವರೇ ತಂದಿಟ್ಟರೆ ಮುಂಗಡದ ಅಗತ್ಯವೇ ಕಡಿಮೆಯಾಗುತ್ತದೆ. ಒಂದು ದಿನದಲ್ಲಿ ಮತ್ತೆ ಹೊದೆಸಬಹುದಾದಷ್ಟೇ ಭಾಗವನ್ನು ಬಿಚ್ಚಬೇಕೆಂಬ ಷರತ್ತನ್ನು ಹಾಕುವುದು ಮರೆಯಬಾರದು.

ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡವನ ಸಂಸಾರದ ಗತಿ ಏನೆಂಬುದು ಪ್ರತಿ ಊರಿಗೂ ಗೊತ್ತಿದೆ. ಮಳೆ ಬಂದ ಮರುದಿನ ಯಾರನ್ನೂ ಹತ್ತಿಸಬಾರದು. ಹಂಚಿನ ಮೇಲೆ ಅಡ್ಡ ಏಣಿ ಮಲಗಿಸಿ, ನೆತ್ತಿಯಿಂದ ಹಗ್ಗ ಕಟ್ಟಿಕೊಂಡೇ ಕೆಲಸ ಮಾಡಬೇಕು. ಮಾಡಿಗೆ ತಾಗುವ ವಿದ್ಯುತ್ ತಂತಿಯಿದ್ದರೆ ಮೊದಲು ಲೈನ್ ನಿಲ್ಲಿಸಬೇಕು. ಹದಿನೆಂಟರಿಂದ ಅರುವತ್ತು ವರ್ಷದೊಳಗಿದ್ದು, ಹಿಂದಿನ ವರ್ಷ 90 ದಿನ ಇಂಥ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತದಲ್ಲಿ ಸಹಾಯಧನ ದೊರೆಯುವುದು ಹೀಗೆ ನೋಂದಾಯಿಸಿದವರಿಗೆ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಇದನ್ನು ತಿಳಿಸಬಹುದು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ ಮತ್ತು ಗಾರೆ ಕೆಲಸಗಳು ಸೇರಿ 18 ಕಸುಬುಗಳಿಗೆ ತರಬೇತಿ, 15,000 ರೂಪಾಯಿಯವರೆಗೆ ಉಪಕರಣದ ನೆರವು ಮತ್ತು ಶೇ. 5ರ ಬಡ್ಡಿಯಲ್ಲಿ ಸಾಲದ ಅವಕಾಶ ಕಲ್ಪಿಸಲಾಯಿತು. ಊರಿನಲ್ಲೇ ಉಳಿದ ಒಬ್ಬಿಬ್ಬರು ತರುಣರು ಹಿರಿಯ ಆಚಾರಿಯ ಕೈಕೆಳಗೆ ಎರಡು ಬೇಸಿಗೆ ಕೆಲಸ ಮಾಡಿದರೆ ಹಂಚಿನ ಕೆಲಸದ ಹದ ತಿಳಿಯುತ್ತದೆ.

ಈ ವರ್ಷ ಮಾಡು ಸೋರಿದ ಜಾಗಗಳನ್ನು ಮಳೆ ಬರುತ್ತಿರುವಾಗಲೇ ಒಳಗಿನಿಂದ ಗುರುತಿಸಿ, ಬೇಕಾಗುವ ಹಂಚು ಮತ್ತು ರೀಪುಗಳ ಪಟ್ಟಿ ಮಾಡಿ, ದೀಪಾವಳಿಯೊಳಗೆ ಕೆಲಸಗಾರನಿಗೆ ದಿನ ಗೊತ್ತುಮಾಡಬೇಕು.