ಬಂದರಿನಿಂದ ಮರವಂತೆಗೆ: ನಮ್ಮ ಕಡಲ ದಾರಿಯಲ್ಲಿ ಜಪಾನಿನ ರುಚಿ

ನಮ್ಮ ತರಗತಿಗಳಲ್ಲಿ ಅನಿಮೆ ನೋಡದವರು ಕಡಿಮೆ. ‘ಸ್ಲಾಮ್ ಡಂಕ್’ ನೋಡಿದವರಿಗೆ ಕಡಲಿನ ಪಕ್ಕದ ಆ ರೈಲ್ವೆ ಗೇಟು ನೆನಪಿರಬಹುದು. ಅದು ಜಪಾನಿನ ಕಾಮಕುರಾ ಎಂಬ ಊರಿನಲ್ಲಿದೆ. ಒಂದು ಕಡೆ ರಸ್ತೆ ಮತ್ತು ಸಮುದ್ರ, ಇನ್ನೊಂದು ಕಡೆ ಪುಟ್ಟ ರೈಲು, ಆಕಾಶ ಶುಭ್ರವಾಗಿದ್ದರೆ ದೂರದಲ್ಲಿ ಫ್ಯೂಜಿ ಪರ್ವತ. ಒಮ್ಮೆ ಅಲ್ಲಿಗೆ ಹೋಗಬೇಕು, ಆ ಊಟ ತಿನ್ನಬೇಕು ಎಂಬ ಆಸೆ ಅನೇಕರಿಗಿದೆ. ಟಿಕೆಟಿಗೆ ದುಡ್ಡು ಕೂಡಿಸುವ ತನಕ ಮಂಗಳೂರಿನಿಂದ ಉತ್ತರಕ್ಕೆ ಹೋಗುವ ನಮ್ಮದೇ ರಾಷ್ಟ್ರೀಯ ಹೆದ್ದಾರಿ 66ನ್ನು ಸ್ವಲ್ಪ ಗಮನಿಸಿ ನೋಡೋಣ. ಜಪಾನಿನ ಊಟ ಮತ್ತು ಬದುಕನ್ನು ಅರ್ಥಮಾಡಿಕೊಳ್ಳಲು ಬೇಕಾದ ಪಾಠಗಳು ಈ ದಾರಿಯಲ್ಲೇ ಸಿಗುತ್ತವೆ.

ದಾರಿ ಹೀಗಿದೆ: ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ. ಇಷ್ಟು ಹೊಳೆ ದಾಟಿ, ನೂರು ಕಿಲೋಮೀಟರಿಗೂ ಹೆಚ್ಚು ಸಾಗಿದರೆ ಮರವಂತೆ. ಅಲ್ಲಿ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ.

ಹಳೆ ಬಂದರು: ಒಣಮೀನಿನ ರಸಾಯನಶಾಸ್ತ್ರ

ಮೊದಲ ಪಾಠ ನಮ್ಮ ಬಂದರಿನಲ್ಲೇ ಇದೆ. ಇಲ್ಲಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತ ಹಡಗುಗಳು ಹೊರಡುತ್ತವೆ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳ ಹೆಸರುವಾಸಿ ಪದಾರ್ಥ ಮಾಸ್. ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಮರದಂತೆ ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಮಿನಿಕಾಯ್ ದ್ವೀಪದವರು ಈ ಮೀನನ್ನು ಬಲೆ ಬೀಸಿ ಹಿಡಿಯುವುದಿಲ್ಲ, ಕೋಲು ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ.

ಜಪಾನಿನ ಅಡುಗೆಯ ಬುನಾದಿಯೂ ಇದೇ ಮೀನು. ಅಲ್ಲಿ ಅದರ ಹೆಸರು ಕತ್ಸುವೊಬುಶಿ. ಬೇಯಿಸುವುದು, ಹೊಗೆ ಹಾಕುವುದು, ಒಣಗಿಸುವುದು ಎಲ್ಲವೂ ಹೆಚ್ಚುಕಡಿಮೆ ಹಾಗೆಯೇ; ಕೋಲು ಗಾಳದ ಪದ್ಧತಿ ಕೂಡ ಅಲ್ಲಿದೆ. ಗಟ್ಟಿಯಾದ ತುಂಡನ್ನು ಬಡಗಿಯ ಕೀಸುಳಿಯಂಥ ಸಾಧನದಲ್ಲಿ ತೆಳ್ಳಗೆ ಹೆರೆದು, ಕೊಂಬು ಎಂಬ ಕಡಲಕಳೆಯ ಜತೆ ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಎಂಬ ಸಾರು ಸಿದ್ಧ. ಸೂಪು, ನೂಡಲ್ಸು, ಪಲ್ಯ ಎಲ್ಲಕ್ಕೂ ಅದೇ ಆಧಾರ.

ವಿಜ್ಞಾನ ವಿಭಾಗದವರು ಗಮನಿಸಬೇಕಾದದ್ದು ಇಲ್ಲಿದೆ. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನಶಾಸ್ತ್ರಜ್ಞ ಕೊಂಬುವಿನ ರುಚಿಗೆ ಕಾರಣ ಗ್ಲುಟಮೇಟ್ ಎಂದು ಕಂಡುಹಿಡಿದು ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಒಣಟ್ಯೂನಾದಲ್ಲಿ ಇನೋಸಿನೇಟ್ ಎಂಬ ಇನ್ನೊಂದು ವಸ್ತುವನ್ನು ಗುರುತಿಸಿದರು. ಇವೆರಡೂ ಸೇರಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಮನೆಯಲ್ಲಿ ಗಂಜಿಗೆ ಒಣಮೀನಿನ ಚಟ್ನಿ ಒಂದು ಚಿಟಿಕೆ ಸಾಕಾಗುವುದು ಏಕೆ ಎಂಬುದಕ್ಕೂ ಉತ್ತರ ಈ ರುಚಿಯಲ್ಲೇ ಇದೆ. ಜಪಾನಿನಲ್ಲಿಯೂ ಗಂಜಿ ಇದೆ. ಅದನ್ನು ಒಕಾಯು ಎನ್ನುತ್ತಾರೆ.

ಮಲ್ಪೆ: ಬಂಗುಡೆ ಮತ್ತು ಹುಳಿ

ಉಡುಪಿಯಿಂದ ಎಡಕ್ಕೆ ತಿರುಗಿದರೆ ಮಲ್ಪೆ ಬಂದರು. ನಮ್ಮ ಬಂಗುಡೆ ಮತ್ತು ಜಪಾನಿನ ಸಾಬಾ ಒಂದೇ ಕುಟುಂಬದ ಮೀನುಗಳು. ನಾವು ಬಂಗುಡೆಗೆ ಪುಳಿಮುಂಚಿ ಮಾಡುತ್ತೇವೆ, ಅವರು ಉಪ್ಪು ಸವರಿ ಸುಡುತ್ತಾರೆ ಅಥವಾ ವಿನೆಗರಿನಲ್ಲಿ ನೆನೆಸುತ್ತಾರೆ. ನೋಡಲು ಬೇರೆ, ಕಾರಣ ಒಂದೇ. ಮೀನಿನ ವಾಸನೆಗೆ ಮುಖ್ಯ ಕಾರಣ ಅಮೀನ್ ಜಾತಿಯ ವಸ್ತುಗಳು, ಅವು ಪ್ರತ್ಯಾಮ್ಲಗಳು. ಹುಣಸೆಹುಳಿಯಾಗಲಿ ವಿನೆಗರಾಗಲಿ ಆಮ್ಲ. ಎರಡೂ ಸೇರಿ ಲವಣವಾದಾಗ ವಾಸನೆ ಗಾಳಿಗೆ ಏಳುವುದಿಲ್ಲ.

ಆದರೆ ಒಂದು ಎಚ್ಚರಿಕೆ. ರೀಲ್ಸ್‌ನಲ್ಲಿ ಸುಶಿ, ಸಾಶಿಮಿ ನೋಡಿ ಧಕ್ಕೆಯಿಂದ ತಂದ ಮೀನನ್ನು ಮನೆಯಲ್ಲಿ ಹಸಿಯಾಗಿ ತಿನ್ನುವ ಪ್ರಯೋಗ ಬೇಡ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳದ ಮರಿಗಳು ಇರಬಹುದು. ವಿನೆಗರಿಗೆ ಅವು ಸಾಯುವುದಿಲ್ಲ. ಹಸಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕೆಂಬುದು ಅಮೆರಿಕದ ಆಹಾರ ಇಲಾಖೆಯ ಸೂಚನೆ. ಮನೆಯ ಫ್ರಿಜ್ ಅದಕ್ಕೆ ನಂಬಿಕಸ್ತವಲ್ಲ. ಇನ್ನು ಬಂಗುಡೆ, ಟ್ಯೂನಾಗಳನ್ನು ಐಸ್ ಇಲ್ಲದೆ ಇಟ್ಟರೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ ತುರಿಕೆ ಶುರುವಾಗುತ್ತದೆ. ಜಪಾನಿನ ಹಸಿಮೀನಿನ ಹಿಂದೆ ದೋಣಿಯಿಂದ ತಟ್ಟೆಯವರೆಗೂ ಬಿಡದ ಐಸ್ ಇದೆ ಎಂಬುದನ್ನು ಮರೆಯಬಾರದು.

ಅವರಿಂದ ಕಲಿಯಬಹುದಾದ ಇನ್ನೊಂದು ಮಾತು ‘ಶುನ್’. ಯಾವ ಪದಾರ್ಥವನ್ನು ಅದರ ಕಾಲದಲ್ಲೇ ತಿನ್ನಬೇಕು ಎಂಬ ಅರ್ಥ. ಕಾಮಕುರಾ ಕಡೆಯ ಹೆಸರಾಂತ ಊಟ ಶಿರಾಸು, ಅಂದರೆ ಎಳೆ ಮೀನು ಹರಡಿದ ಅನ್ನ. ಆ ಮೀನು ಹಿಡಿಯುವುದನ್ನು ಅಲ್ಲಿ ವರ್ಷದ ಆರಂಭದಲ್ಲಿ ಸುಮಾರು ಎರಡು ತಿಂಗಳು ನಿಲ್ಲಿಸುತ್ತಾರೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಈ ರಜೆ ಮೀನಿಗೆ ಮರಿ ಮಾಡಲು ಕೊಟ್ಟ ಸಮಯ. ಆ ದಿನಗಳಲ್ಲಿ ‘ಮೀನಿಲ್ಲ’ ಎಂದು ಗೊಣಗುವ ನಾವು, ಉಳಿದ ದಿನ ಬೆರಳುದ್ದದ ಮರಿಮೀನನ್ನು ಅಗ್ಗಕ್ಕೆ ಕೊಂಡರೆ ಆ ರಜೆಯ ಫಲವೇ ವ್ಯರ್ಥ.

ತಿನ್ನುವ ಮೊದಲು ಕೇಳಿ

ನಮ್ಮಲ್ಲಿ ಹಲವರ ಪ್ರಶ್ನೆ: ಜಪಾನಿನ ಊಟ ಹಲಾಲೇ? ಮೀನು, ಅನ್ನ, ಕಡಲಕಳೆಯಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಸೇರಿಸುವ ದ್ರವಗಳಲ್ಲಿ. ಮಿರಿನ್ ಎಂಬ ಸಿಹಿ ದ್ರವದಲ್ಲಿ ಸುಮಾರು ಶೇ. 14 ಮದ್ಯಸಾರ ಇರುತ್ತದೆ. ಸಾಕೆ ಎಂಬುದು ಅಕ್ಕಿಯ ಮದ್ಯ. ಅದನ್ನು ಅಡುಗೆಗೂ ಬಳಸುತ್ತಾರೆ. ಸಹಜವಾಗಿ ಹುದುಗಿಸಿದ ಸೋಯಾ ಸಾಸಿನಲ್ಲಿಯೂ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ. ಅದರ ಬಗ್ಗೆ ನಿಮ್ಮ ಉಸ್ತಾದರನ್ನು ಕೇಳಿ ತಿಳಿದುಕೊಳ್ಳಿ. ‘ತೊಂಕೊತ್ಸು’ ರಾಮೆನ್ ಎಂದರೆ ಹಂದಿಯ ಮೂಳೆಯ ಸಾರು. ಹೋಟೆಲಿನಲ್ಲಿ ‘ಬರೀ ಮೀನು’ ಎಂದರೆ ಅಷ್ಟಕ್ಕೆ ಬಿಡದೆ ಸಾರಿಗೆ, ಸಾಸಿಗೆ ಏನು ಹಾಕಿದ್ದೀರಿ ಎಂದು ಕೇಳುವುದು ತಪ್ಪಲ್ಲ, ನಾಚಿಕೆಯೂ ಬೇಡ.

ಜಪಾನಿಗೆ ಈ ಪ್ರಶ್ನೆ ಹೊಸದೂ ಅಲ್ಲ. ಕೋಬೆ ಎಂಬ ಬಂದರು ನಗರದಲ್ಲಿ 1935ರಲ್ಲಿ ದೇಶದ ಮೊದಲ ಮಸೀದಿ ಎದ್ದಿತು. ಅದಕ್ಕೆ ಹಣ ಕೂಡಿಸಿದವರಲ್ಲಿ ಭಾರತದ ಮುಸ್ಲಿಂ ವ್ಯಾಪಾರಿಗಳು ಪ್ರಮುಖರು. 1945ರ ಬಾಂಬ್ ದಾಳಿಯನ್ನೂ 1995ರ ಭೂಕಂಪವನ್ನೂ ದಾಟಿ ಆ ಕಟ್ಟಡ ಇಂದಿಗೂ ನಿಂತಿದೆ.

ಒಂದು ಜಪಾನೀ ಪದಾರ್ಥವಂತೂ ನಮ್ಮ ಇಫ್ತಾರಿನ ಮೇಜಿಗೆ ಯಾವತ್ತೋ ಬಂದಿದೆ. ಹಾಲು ಹಾಕಿ ಪುಡ್ಡಿಂಗ್ ಮಾಡುವ ಚೈನಾಗ್ರಾಸ್ ಹೆಸರಿಗೆ ಮಾತ್ರ ಚೀನಾದ ಹುಲ್ಲು. ಅದು ಕೆಂಪು ಕಡಲಕಳೆಯಿಂದ ತೆಗೆದ ಅಗರ್. ಅದನ್ನು ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವ ವಿದ್ಯೆ 17ನೇ ಶತಮಾನದ ಜಪಾನಿನದು. ಪ್ರಾಣಿಮೂಲದ ಜೆಲಟಿನ್ ಬೇಡವೆನ್ನುವವರಿಗೆ ಇದೇ ಒಳ್ಳೆಯ ಬದಲಿ.

ಮರವಂತೆ: ರಸ್ತೆ ಯಾರದು?

ಜಪಾನಿನಲ್ಲಿ 1993ರಿಂದ ‘ಮಿಚಿ ನೊ ಎಕಿ’ ಎಂಬ ವ್ಯವಸ್ಥೆ ಇದೆ. ಅರ್ಥ ‘ದಾರಿಯ ನಿಲ್ದಾಣ’. ವಾಹನ ನಿಲ್ಲಿಸಲು ಜಾಗ, ಹಗಲೂ ರಾತ್ರಿ ತೆರೆದಿರುವ ಶೌಚಾಲಯ, ಮಾಹಿತಿ ಕೇಂದ್ರ, ಜತೆಗೆ ಆ ಊರಿನ ರೈತರು ಮತ್ತು ಮೀನುಗಾರರು ತಮ್ಮ ಸರಕು ಮಾರುವ ಅಂಗಡಿ. ಇಂಥವು ಈಗ 1,200ಕ್ಕೂ ಹೆಚ್ಚಿವೆ. ನಮ್ಮ ದಾರಿಯಲ್ಲಿ ಮಾರಲು ಏನು ಕಡಿಮೆ? ಮಟ್ಟು ಗುಳ್ಳ, ಶಂಕರಪುರದ ಮಲ್ಲಿಗೆ, ಒಣಮೀನು, ಪುನರ್ಪುಳಿ ಎಲ್ಲವೂ ಇವೆ. ಪ್ರವಾಸ ಹೊರಡುವ ಹುಡುಗಿಯರು ಶೌಚಾಲಯದ ಚಿಂತೆಯಿಂದ ನೀರು ಕುಡಿಯದೆ ಕೂರುವುದು ನಮಗೆಲ್ಲ ಗೊತ್ತು. ವಾಣಿಜ್ಯ ವಿಭಾಗದವರಿಗೆ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಿಕ್ಕಿಲ್ಲ.

ಜಪಾನಿನವರು ಮರಳ ತೀರದಲ್ಲಿ ಗಾಳಿ ಮತ್ತು ಉಪ್ಪನ್ನು ತಡೆಯಲು ಪೈನ್ ಮರ ಬೆಳೆಸಿದರು. ನಮ್ಮ ತೀರದಲ್ಲಿ ಆ ಕೆಲಸ ಗಾಳಿಮರದ್ದು. ಆದರೆ ಮರ ಎಲ್ಲವನ್ನೂ ತಡೆಯುವುದಿಲ್ಲ. 2011ರ ಸುನಾಮಿಯಲ್ಲಿ ರಿಕುಝೆಂತಕಾತಾದ ಸುಮಾರು 70,000 ಪೈನ್ ಮರಗಳಲ್ಲಿ ಉಳಿದದ್ದು ಒಂದೇ. ‘ಸುನಾಮಿ’ ಜಪಾನೀ ಪದ. ‘ಬಂದರಿನ ಅಲೆ’ ಎಂದರ್ಥ. ನಾವು ದಿನಾ ಹತ್ತುವ ‘ರಿಕ್ಷಾ’ ಕೂಡ ಅಲ್ಲಿಂದಲೇ ಬಂದದ್ದು: ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಶಕ್ತಿ, ಶಾ ಎಂದರೆ ಗಾಡಿ.

ಪ್ರವಾಸಕ್ಕೆ ಹೊರಡುವವರಿಗೆ ಮೂರೇ ಮಾತು. ಮಳೆಗಾಲದಲ್ಲಿ ಮರವಂತೆಯ ನೀರಿಗೆ ಇಳಿಯಬೇಡಿ. ಮನೆಯಿಂದ ಬುತ್ತಿ ಒಯ್ಯಿರಿ, ಜಪಾನಿನವರು ಬೆಂತೊ ಒಯ್ಯುವಂತೆ. ಖಾಲಿ ಡಬ್ಬಿಯೊಂದಿಗೆ ಕಸವನ್ನೂ ಮನೆಗೆ ತನ್ನಿ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಜಪಾನಿನ ಅಭಿಮಾನಿಗಳು ಪಂದ್ಯ ಮುಗಿದ ಮೇಲೆ ಕ್ರೀಡಾಂಗಣ ಗುಡಿಸಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ಮೆಚ್ಚಿದ್ದೇವೆ. ಅದನ್ನು ಮಾಡಲು ಒಂದು ಚೀಲ ಇದ್ದರೆ ಸಾಕು.